ಹೊರಳಿದ ದೊಡ್ಡ ಕರುಳಿನ ತುರ್ತು ಶಸ್ತ್ರಚಿಕಿತ್ಸೆ: ಒಂದು ಐತಿಹಾಸಿಕ ವಿವೇಚನೆ

ವೈದ್ಯಶಾಸ್ತ್ರದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಎರಡು ಪ್ರಲೋಭನೆಗಳಿಗೆ ಒಳಗಾಗುತ್ತಾರೆ. ಇಂದಿನ ಪ್ರತಿಯೊಂದು ಚಿಕಿತ್ಸೆಯನ್ನೂ ಪ್ರಾಚೀನರಲ್ಲಿ ಕಂಡೆವೆನ್ನುವುದು ಒಂದು. ಹತ್ತೊಂಬತ್ತನೆಯ ಶತಮಾನಕ್ಕೆ ಹಿಂದೆ ಏನೂ ಇರಲಿಲ್ಲವೆನ್ನುವುದು ಇನ್ನೊಂದು. ದೊಡ್ಡ ಕರುಳು ಹೊರಳಿಕೊಂಡಾಗ ನಡೆಸುವ ತುರ್ತು ಶಸ್ತ್ರಚಿಕಿತ್ಸೆಯ ಚರಿತ್ರೆಯು ಈ ಎರಡು ಮಾತುಗಳನ್ನೂ ಒರೆಗೆ ಹಚ್ಚಿ ನೋಡಲು ತಕ್ಕ ವಿಷಯವಾಗಿದೆ.

ರೋಗದ ಸ್ವರೂಪವನ್ನು ಮೊದಲು ತಿಳಿಯಬೇಕು. ದೊಡ್ಡ ಕರುಳಿನ ಕೊನೆಯ ಬಳಿ ಇರುವ ಸಿಗ್ಮಾಯಿಡ್ ಎಂಬ ಬಾಗಿದ ಭಾಗವು ಕೆಲವರಲ್ಲಿ ಅತಿ ಉದ್ದವಾಗಿದ್ದು, ಅದನ್ನು ಹೊಟ್ಟೆಯ ಹಿಂಗೋಡೆಗೆ ಬಂಧಿಸುವ ಪೊರೆಯ ಬುಡವು ಕಿರಿದಾಗಿರುತ್ತದೆ. ಅಂಥ ಕರುಳು ತನ್ನ ಬುಡದ ಸುತ್ತ ತಿರುಚಿಕೊಂಡರೆ ಮಲವೂ ವಾಯುವೂ ಒಳಗೇ ಸಿಕ್ಕಿ ಹೊಟ್ಟೆ ತಮಟೆಯಂತೆ ಬಿಗಿಯುತ್ತದೆ. ತಿರುಚು ಬಲವಾದಂತೆ ಮೊದಲು ಅಭಿಧಮನಿಗಳಲ್ಲಿ, ಬಳಿಕ ಅಪಧಮನಿಗಳಲ್ಲಿ ರಕ್ತದ ಹರಿವು ನಿಂತು ಕರುಳು ಕೊಳೆಯತೊಡಗುತ್ತದೆ. ರೋಗಿಯು ಇದಕ್ಕೆ ಮುಂಚೆ ವೈದ್ಯನ ಕೈ ಸೇರಿದನೇ, ಬಳಿಕ ಸೇರಿದನೇ ಎಂಬುದನ್ನೇ ಚಿಕಿತ್ಸೆಯ ಫಲವು ಬಹುಮಟ್ಟಿಗೆ ಅವಲಂಬಿಸಿದೆ.

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಬದ್ಧಗುದೋದರಕ್ಕೆ ಹೇಳಿರುವ ಕರ್ಮವು ಸುಪ್ರಸಿದ್ಧವಾದುದು. ನಾಭಿಯ ಕೆಳಗೆ, ಎಡಗಡೆ, ರೋಮರೇಖೆಯಿಂದ ನಾಲ್ಕು ಅಂಗುಲ ಬಿಟ್ಟು ಉದರವನ್ನು ಸೀಳಬೇಕು. ನಾಲ್ಕು ಅಂಗುಲದಷ್ಟು ಕರುಳನ್ನು ಹೊರತೆಗೆದು ಪರೀಕ್ಷಿಸಿ, ತಡೆಯನ್ನು ನಿವಾರಿಸಿ, ಜೇನು ತುಪ್ಪಗಳನ್ನು ಸವರಿ ಸ್ವಸ್ಥಾನದಲ್ಲಿಟ್ಟು ಹೊಟ್ಟೆಯನ್ನು ಹೊಲಿಯಬೇಕು. ಸಿಗ್ಮಾಯಿಡ್ ಭಾಗವು ಎಡಗಡೆಯೇ ಇರುವುದರಿಂದ, ಇದು ಹೊರಳಿದ ಕರುಳಿನ ಶಸ್ತ್ರಕ್ರಿಯೆಯೇ ಎಂದು ವಾದಿಸುವ ಆಸೆ ಹುಟ್ಟುವುದು ಸಹಜ. ಆದರೆ ಗ್ರಂಥವನ್ನು ಗಮನವಿಟ್ಟು ಓದಿದರೆ ಈ ವಾದ ನಿಲ್ಲುವುದಿಲ್ಲ. ನಿವಾರಿಸಬೇಕಾದ ತಡೆಯೆಂದು ಅಲ್ಲಿ ಹೇಳಿರುವುದು ಕಲ್ಲು, ಕೂದಲು, ಮಲದ ಗಂಟುಗಳನ್ನು. ತಿರುಚನ್ನು ಬಿಡಿಸುವ ಮಾತಿಲ್ಲ. ಕರುಳು ತೂತಾದ ಪರಿಸ್ರಾವಿ ಉದರಕ್ಕೂ ಅದೇ ಎಡಗಡೆಯ ಛೇದನವನ್ನು ವಿಧಿಸಿದೆ. ಚರಕಸಂಹಿತೆಯು ಬದ್ಧಗುದದ ಕಾರಣಗಳಲ್ಲಿ ‘ಅಂತ್ರಸಮ್ಮೂರ್ಛನ’ವನ್ನು ಎಣಿಸುತ್ತದೆ. ಇದಕ್ಕೆ ಕರುಳು ಹೊರಳುವುದೆಂಬ ಅರ್ಥವನ್ನು ಹೇಳುವುದುಂಟು.  ನನ್ನ ಮಟ್ಟಿಗೆ ಇದಕ್ಕಿಂತಲೂ ಮಹತ್ವದ್ದೆಂದು ತೋರುವುದು ಚರಕನ ಉದರಚಿಕಿತ್ಸೆಯ ಮತ್ತೊಂದು ವಿಧಿ. ಕೊನೆಯ ಘಟ್ಟದ ಅಪಾಯಕರ ಚಿಕಿತ್ಸೆಗೆ ಮುನ್ನ ವೈದ್ಯನು ಬಂಧುಗಳು, ಮಿತ್ರರು, ಪತ್ನಿ, ಗುರುಗಳು, ರಾಜನು ಇವರೆಲ್ಲರಿಗೂ ಚಿಕಿತ್ಸೆ ಮಾಡದಿದ್ದರೆ ಮರಣ ನಿಶ್ಚಿತ, ಮಾಡಿದರೆ ಬದುಕು ಸಂದಿಗ್ಧ ಎಂದು ತಿಳಿಸಿ ಅನುಮತಿ ಪಡೆಯಬೇಕೆಂದು ಅಲ್ಲಿದೆ.

ಗ್ರೀಕರಲ್ಲಿ ಎರಡು ಪಂಥಗಳನ್ನು ಕಾಣುತ್ತೇವೆ. ಹಿಪ್ಪಾಕ್ರಟೀಸನ ಹೆಸರಿನ ಗ್ರಂಥಸಮುಚ್ಚಯವು ತಿದಿಯಿಂದ ಗುದದ ಮೂಲಕ ಗಾಳಿಯನ್ನು ಊದುವಂತೆ ಹೇಳುತ್ತದೆ. ಕ್ರಿ. ಪೂ. ನಾಲ್ಕನೆಯ ಶತಮಾನದ, ಕಾಸ್ ದ್ವೀಪದ ಪ್ರಾಕ್ಸಾಗೊರಸನು ಇತರ ಉಪಾಯಗಳು ಸೋತಾಗ ಹೊಟ್ಟೆಯನ್ನು ಸೀಳಿ ಮಲವನ್ನು ತೆಗೆಯುತ್ತಿದ್ದನೆಂಬ ಪ್ರತೀತಿಯಿದೆ. ಈ ಸುದ್ದಿಯನ್ನು ತಿಳಿಸುವವನು ಶತಮಾನಗಳ ಬಳಿಕ ಬರೆದ ಕೇಲಿಯಸ್ ಆರೇಲಿಯಾನಸ್. ಅವನಾದರೋ ಪ್ರಾಕ್ಸಾಗೊರಸನ ಟೀಕಾಕಾರ. ವಿರೋಧಿಯ ಸಾಕ್ಷ್ಯವನ್ನು ಎಷ್ಟು ನಂಬಬೇಕೆಂಬುದು ಇತಿಹಾಸದ ವಿದ್ಯಾರ್ಥಿಗೆ ಹೊಸ ಪ್ರಶ್ನೆಯೇನಲ್ಲ.

ಮುಂದೆ ಬಹುಕಾಲ ಹೇಳತಕ್ಕ ಪ್ರಗತಿಯಾಗಲಿಲ್ಲ. ಶವಪರೀಕ್ಷೆಯಿಂದ ಮಾತ್ರ ಈ ರೋಗದ ನಿಜರೂಪವು ಬೆಳಕಿಗೆ ಬರಬೇಕಾಗಿತ್ತು. ಆ ಕಾರ್ಯವನ್ನು 1830ರ ದಶಕದಲ್ಲಿ ವಿಯೆನ್ನಾದ ರೋಕಿಟಾನ್ಸ್ಕಿ ನೆರವೇರಿಸಿದನು. 1846ರಲ್ಲಿ ಬಾಸ್ಟನ್ನಿನಲ್ಲಿ ಈಥರ್ ಅರಿವಳಿಕೆಯ ಪ್ರದರ್ಶನ, 1867ರಲ್ಲಿ ಲಿಸ್ಟರನ ನಂಜುನಿವಾರಕ ಕ್ರಮದ ಪ್ರಕಟಣೆ, ಇವೆರಡೂ ಉದರವನ್ನು ತೆರೆಯುವ ಧೈರ್ಯವನ್ನು ಕೊಟ್ಟವು. ಆದರೂ ಶಸ್ತ್ರವೈದ್ಯರು ಒಮ್ಮೆಗೇ ಮುನ್ನುಗ್ಗಲಿಲ್ಲ. ಇಂಗ್ಲೆಂಡಿನ ಜೊನಾಥನ್ ಹಚಿನ್ಸನ್ನನು ಹೊಟ್ಟೆಯನ್ನು ಹೊರಗಿನಿಂದಲೇ ಒತ್ತಿ ಕುಲುಕಿ ತಡೆಯನ್ನು ಬಿಡಿಸುವ ಪದ್ಧತಿಯನ್ನು ಪ್ರತಿಪಾದಿಸಿದನು. ಇದನ್ನು ಹೇಡಿತನವೆಂದು ಇಂದು ನಗುವುದು ಅನ್ಯಾಯ. ಒಳಗೆ ಏನಾಗಿದೆಯೆಂದು ನೋಡುವ ಸಾಧನವಿಲ್ಲದ ಕಾಲವದು. ಕ್ಷಕಿರಣದ ಶೋಧನೆಯಾದುದೇ 1895ರಲ್ಲಿ. ಶಸ್ತ್ರವು ಕೊನೆಯ ಉಪಾಯವಾದುದರಿಂದ ರೋಗಿ ಕೊಳೆತ ಕರುಳಿನೊಡನೆ ಮೇಜಿಗೆ ಬರುತ್ತಿದ್ದನು. ಅವನು ಸತ್ತನೆಂಬುದೇ ಮುಂದಿನ ರೋಗಿಯಲ್ಲಿ ಇನ್ನಷ್ಟು ತಡಮಾಡಲು ಕಾರಣವಾಗುತ್ತಿತ್ತು.

ವಿಚಿತ್ರವೆಂದರೆ, ಉದರವನ್ನು ತೆರೆಯುವುದು ಸುಲಭವಾದ ಮೇಲೆ ತೆರೆಯದಿರುವ ಮಾರ್ಗಕ್ಕೆ ಮತ್ತೆ ಮನ್ನಣೆ ದೊರೆಯಿತು. ನಾರ್ವೆಯ ಬ್ರೂಸ್‌ಗಾರ್ಡನು 1947ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಗುದದ ಮೂಲಕ ನೋಡುವ ನಳಿಕೆಯನ್ನೂ ಅದರೊಳಗಿಂದ ರಬ್ಬರಿನ ಕೊಳವೆಯನ್ನೂ ತೂರಿಸಿ ಬಹುಪಾಲು ರೋಗಿಗಳಲ್ಲಿ ತಿರುಚನ್ನು ಬಿಡಿಸಬಹುದೆಂದು ತೋರಿಸಿದನು. 1970ರ ದಶಕದಲ್ಲಿ ಬಾಗುವ ದರ್ಶಕಗಳು ಬಂದು ಈ ಕ್ರಮವು ಇನ್ನಷ್ಟು ನಯವಾಯಿತು. ಹಿಪ್ಪಾಕ್ರಟಿಕ್ ತಿದಿಯ ಮುಂದುವರಿಕೆಯೇ ಇದೆಂದು ಕೆಲವರು ಬರೆದಿದ್ದಾರೆ. ಹೋಲಿಕೆ ಚೆನ್ನಾಗಿದೆಯಾದರೂ, ಗಾಳಿಯನ್ನು ಒಳಗೆ ಊದುವುದಕ್ಕೂ ಸಿಕ್ಕಿಕೊಂಡ ಗಾಳಿಯನ್ನು ಹೊರಬಿಡುವುದಕ್ಕೂ ಇರುವ ಅಂತರವನ್ನು ಮರೆಯಬಾರದು.

ಹೀಗೆ ಬಿಡಿಸಿದ ತಿರುಚು ಮರುಕಳಿಸುವುದು ಸಾಮಾನ್ಯವಾದುದರಿಂದ, ರೋಗಿ ಚೇತರಿಸಿಕೊಂಡ ಮೇಲೆ ಉದ್ದವಾದ ಆ ಭಾಗವನ್ನೇ ಕತ್ತರಿಸಿ ತೆಗೆಯುವುದು ಈಗಿನ ರೂಢಿ. ಕರುಳು ಕೊಳೆತ ಲಕ್ಷಣಗಳಿದ್ದರೆ ಮಾತ್ರ ನಳಿಕೆಗೆ ಅವಕಾಶವಿಲ್ಲ. ಕೂಡಲೇ ಹೊಟ್ಟೆಯನ್ನು ತೆರೆಯಬೇಕು. ಅಲ್ಲಿಯೂ ಒಂದು ಎಚ್ಚರವಿದೆ. ಕೊಳೆತ ಸುತ್ತನ್ನು ಬಿಡಿಸಿದರೆ ಅದರಲ್ಲಿ ತುಂಬಿದ ವಿಷವು ರಕ್ತಕ್ಕೆ ನುಗ್ಗುವ ಭಯವಿರುವುದರಿಂದ, ತಿರುಚನ್ನು ಇದ್ದಂತೆಯೇ ಉಳಿಸಿ ಬುಡದಲ್ಲಿ ಕತ್ತರಿಸುತ್ತಾರೆ. ಎರಡು ತುದಿಗಳನ್ನು ಕೂಡಲೇ ಜೋಡಿಸುವುದು ಅಪಾಯವೆಂದು ಕಂಡಾಗ, ಪ್ಯಾರಿಸಿನ ಆನ್ರಿ ಹಾರ್ಟ್‌ಮನ್ 1921ರಲ್ಲಿ ಅರ್ಬುದರೋಗಕ್ಕಾಗಿ ವಿವರಿಸಿದ ಕ್ರಮವನ್ನು ಅನುಸರಿಸಿ, ಮೇಲಿನ ತುದಿಯನ್ನು ಹೊಟ್ಟೆಯ ಗೋಡೆಗೆ ತಂದು, ಕೆಳಗಿನದನ್ನು ಮುಚ್ಚಿ ಒಳಗೇ ಬಿಡುತ್ತಾರೆ. ಜೋಡಣೆಯನ್ನು ಕೆಲವು ತಿಂಗಳು ಮುಂದೂಡುತ್ತಾರೆ.