ಕೋಟೆನಾಡಿನ ನೀರಿನ ಬವಣೆ: ಹೊಣೆ ಯಾರದು?

ಚಿತ್ರದುರ್ಗ: ಮಧ್ಯ ಕರ್ನಾಟಕದ ಬಯಲುಸೀಮೆಯಲ್ಲಿ ಬರ ಎಂಬುದು ಹೊಸ ಸುದ್ದಿಯಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿಸಲ್ಪಟ್ಟಾಗ ಚಿತ್ರದುರ್ಗ ಜಿಲ್ಲೆಯ ಆರೂ ತಾಲ್ಲೂಕುಗಳು ಆ ಪಟ್ಟಿಯಲ್ಲಿದ್ದವು. ಆದರೆ ಅದಕ್ಕೆ ಒಂದು ವರ್ಷ ಮೊದಲು, 2022ರ ಸೆಪ್ಟೆಂಬರ್‌ನಲ್ಲಿ, ಇದೇ ಜಿಲ್ಲೆಯ ವಾಣಿವಿಲಾಸ ಸಾಗರ 89 ವರ್ಷಗಳ ಬಳಿಕ ಕೋಡಿ ಬಿದ್ದಿತ್ತು. ಒಂದೇ ಜಿಲ್ಲೆಯಲ್ಲಿ ಕೋಡಿ ಹರಿದ ಜಲಾಶಯವೂ ಟ್ಯಾಂಕರ್‌ಗೆ ಕಾಯುವ ಊರೂ ಇರುವುದು ಹೇಗೆ? ನೀರು ಒದಗಿಸುವ ಹೊಣೆ ಯಾರದು? ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮಳೆ ಕಡಿಮೆ, ಜಾಣ್ಮೆ ಹಳೆಯದು

ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿರುವ ಈ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 600 ಮಿಲಿಮೀಟರ್‌ಗಿಂತ ಕಡಿಮೆ. ಪಶ್ಚಿಮದ ಹೊಳಲ್ಕೆರೆ, ಹೊಸದುರ್ಗಗಳಿಗೆ ತುಸು ಹೆಚ್ಚು ಬೀಳುತ್ತದೆ. ಪೂರ್ವಕ್ಕೆ, ಹಿರಿಯೂರು ಮತ್ತು ಚಳ್ಳಕೆರೆಯತ್ತ ಸಾಗಿದಂತೆ ಅದು ಇಳಿಯುತ್ತದೆ. ಬೀಳುವ ಮಳೆಯೂ ವರ್ಷದ ಕೆಲವೇ ದಿನಗಳಲ್ಲಿ ರಭಸದಿಂದ ಸುರಿದು ಹೋಗುತ್ತದೆ.

ಹಿಂದಿನವರು ಇದನ್ನು ಅರಿತೇ ಬದುಕು ಕಟ್ಟಿದ್ದರು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ದೊರೆತಿರುವ, 4ನೇ ಶತಮಾನದ್ದೆಂದು ಹೇಳಲಾಗುವ ಕದಂಬ ಮಯೂರಶರ್ಮನ ಶಾಸನವು ಕೆರೆಯೊಂದರ ನಿರ್ಮಾಣವನ್ನೇ ಕುರಿತದ್ದು. ದುರ್ಗದ ಏಳುಸುತ್ತಿನ ಕೋಟೆಯೊಳಗೆ ಬಂಡೆಗಳ ಮೇಲೆ ಬಿದ್ದ ಮಳೆನೀರು ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡಗಳಲ್ಲಿ ಸಂಗ್ರಹಗೊಳ್ಳುತ್ತಿತ್ತು. ಹೆಚ್ಚಾದ ನೀರು ಇಳಿಜಾರಿನಲ್ಲಿ ಸಾಗಿ ಊರಿನೊಳಗಿನ ಸಿಹಿನೀರು ಹೊಂಡ, ಸಂತೆ ಹೊಂಡಗಳನ್ನು ಸೇರುವಂತೆ ವ್ಯವಸ್ಥೆ ಮಾಡಲಾಗಿತ್ತು. ಹಳ್ಳಿಗಳಲ್ಲಿ ಕೆರೆಯ ಏರಿ, ತೂಬು, ಕೋಡಿಗಳನ್ನು ನೋಡಿಕೊಂಡು ಗದ್ದೆಗೆ ನೀರು ಹಂಚಲು ನೀರುಗಂಟಿ ಇರುತ್ತಿದ್ದ. ಕೆರೆಗೆ ಒಬ್ಬ ಹೊಣೆಗಾರನಿದ್ದ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ.

ವಾಣಿವಿಲಾಸ ಸಾಗರ

ಜಿಲ್ಲೆಯ ಪ್ರಮುಖ ನದಿ ವೇದಾವತಿ. ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಹುಟ್ಟುವ ವೇದಾ ಮತ್ತು ಅವತಿ ಹಳ್ಳಗಳು ಕಡೂರು ಸೀಮೆಯಲ್ಲಿ ಕೂಡಿ, ಹೊಸದುರ್ಗ, ಹಿರಿಯೂರು, ಚಳ್ಳಕೆರೆ ತಾಲ್ಲೂಕುಗಳ ಮೂಲಕ ಹರಿದು ಕೊನೆಗೆ ತುಂಗಭದ್ರೆಯನ್ನು ಸೇರುತ್ತವೆ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ಎರಡು ಗುಡ್ಡಗಳ ನಡುವೆ ಈ ನದಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನವು 1898ರಿಂದ 1907ರ ಅವಧಿಯಲ್ಲಿ ಅಣೆಕಟ್ಟೆ ಕಟ್ಟಿಸಿತು. ಕಾಮಗಾರಿ ಆರಂಭವಾದಾಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ಅವರ ಹೆಸರನ್ನೇ ಜಲಾಶಯಕ್ಕೆ ಇಡಲಾಯಿತು. ಸಾಮರ್ಥ್ಯ 30.42 ಟಿಎಂಸಿ ಅಡಿ; ಗರಿಷ್ಠ ಮಟ್ಟ 130 ಅಡಿ.

ಜಲಾಶಯ ಮೊದಲ ಬಾರಿ ಕೋಡಿ ಹರಿದದ್ದು 1933ರಲ್ಲಿ. ನಂತರದ ದಶಕಗಳಲ್ಲಿ ಅದು ಆ ಮಟ್ಟವನ್ನು ಮುಟ್ಟಲೇ ಇಲ್ಲ. ಮೇಲ್ಭಾಗದಲ್ಲಿ ಕಟ್ಟಿದ ಕೆರೆ, ಚೆಕ್‌ಡ್ಯಾಂಗಳು ಮತ್ತು ಹೆಚ್ಚಿದ ಕೊಳವೆಬಾವಿಗಳು ಒಳಹರಿವನ್ನು ಕುಗ್ಗಿಸಿದವು. 2017ರ ವೇಳೆಗೆ ಜಲಾಶಯ ಡೆಡ್ ಸ್ಟೋರೇಜ್ ಮಟ್ಟಕ್ಕೆ ಕುಸಿಯಿತು. ಹಿರಿಯೂರು ಸೀಮೆಯಲ್ಲಿ ತೆಂಗಿನ ತೋಟಗಳು ಸಾಲುಸಾಲಾಗಿ ಒಣಗಿದವು.

ಹಿರಿಯೂರಿನ ರೈತರ ದೀರ್ಘ ಹೋರಾಟದ ಫಲವಾಗಿ 2019ರಲ್ಲಿ ಭದ್ರೆಯ ನೀರನ್ನು ಮೇಲೆತ್ತಿ, ಅಜ್ಜಂಪುರ ಸುರಂಗದ ಮೂಲಕ ವೇದಾವತಿಗೆ ಹರಿಸಲಾಯಿತು. ಈ ನೀರು ಮತ್ತು ಉತ್ತಮ ಮಳೆ ಎರಡೂ ಕೂಡಿದ್ದರಿಂದ 2022ರಲ್ಲಿ, ಮತ್ತೆ 2025ರ ಜನವರಿಯಲ್ಲಿ ಜಲಾಶಯ ತುಂಬಿತು.

ಆದರೆ ಒಂದು ತಾಲ್ಲೂಕಿನ ಹಬ್ಬ ಇನ್ನೊಂದರ ಸಂಕಟವೂ ಆಯಿತು. ಅಚ್ಚುಕಟ್ಟು ಇರುವುದು ಹಿರಿಯೂರು ತಾಲ್ಲೂಕಿನಲ್ಲಿ. ಹಿನ್ನೀರು ನಿಲ್ಲುವುದು ಹೊಸದುರ್ಗ ತಾಲ್ಲೂಕಿನಲ್ಲಿ. ಕೋಡಿ ಹರಿದಾಗ ಹೊಸದುರ್ಗದ ಹಿನ್ನೀರು ಗ್ರಾಮಗಳ ಜಮೀನು, ತೋಟಗಳಿಗೆ ನೀರು ನುಗ್ಗಿತು. ಮಟ್ಟ ಇಳಿಸಬೇಕೆಂದು ಅವರು, ಉಳಿಸಬೇಕೆಂದು ಇವರು ಪಟ್ಟುಹಿಡಿದರು.

ಭದ್ರಾ ಮೇಲ್ದಂಡೆ: ಕಾಯುವಿಕೆಯ ಕಥೆ

ಜಿಲ್ಲೆಯ ದೊಡ್ಡ ನಿರೀಕ್ಷೆ ಭದ್ರಾ ಮೇಲ್ದಂಡೆ ಯೋಜನೆ. ತುಂಗೆಯಿಂದ 17.40 ಟಿಎಂಸಿ ನೀರನ್ನು ಭದ್ರಾ ಜಲಾಶಯಕ್ಕೆ ಎತ್ತಿ, ಅಲ್ಲಿಂದ 29.90 ಟಿಎಂಸಿಯನ್ನು ಅಜ್ಜಂಪುರದತ್ತ ಸಾಗಿಸುವುದು ಇದರ ಸ್ವರೂಪ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರ್‌ಗೆ ಹನಿ ನೀರಾವರಿ ಮುಂತಾದ ಸೂಕ್ಷ್ಮ ನೀರಾವರಿ ಒದಗಿಸುವುದು ಹಾಗೂ 367 ಕೆರೆಗಳನ್ನು ತುಂಬಿಸುವುದು ಗುರಿ.

2023ರ ಕೇಂದ್ರ ಬಜೆಟ್‌ನಲ್ಲಿ ಈ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಘೋಷಿಸಲಾಯಿತು. ಹಣ ಬಿಡುಗಡೆಯಾಗಿಲ್ಲವೆಂದು ರಾಜ್ಯ ಸರ್ಕಾರ ಮುಂದಿನ ವರ್ಷಗಳಲ್ಲಿ ಪದೇ ಪದೇ ಆಕ್ಷೇಪಿಸಿತು. ಕೇಂದ್ರದ ಹಣ ಬಾರದ್ದಷ್ಟೇ ವಿಳಂಬಕ್ಕೆ ಕಾರಣವಲ್ಲ. ಅಜ್ಜಂಪುರ ತಾಲ್ಲೂಕಿನ ಅಬ್ಬಿನಹೊಳಲು ಬಳಿ ಭೂಸ್ವಾಧೀನ ವಿವಾದವು ಕಾಲುವೆಯ ಕೆಲಸವನ್ನು ವರ್ಷಗಳ ಕಾಲ ತಡೆದಿತ್ತು. ಇನ್ನೊಂದೆಡೆ, 2025ರ ಜೂನ್‌ನಲ್ಲಿ ಹೊಸದುರ್ಗ ಮತ್ತು ನೆರೆಯ ತಾಲ್ಲೂಕುಗಳಿಗೆ ಕುಡಿಯುವ ನೀರು ಒಯ್ಯಲು ಭದ್ರಾ ಬಲದಂಡೆ ನಾಲೆಯಲ್ಲಿ ಕೈಗೊಂಡ ಕಾಮಗಾರಿಯನ್ನು ವಿರೋಧಿಸಿ ದಾವಣಗೆರೆಯ ಅಚ್ಚುಕಟ್ಟು ರೈತರು ಬೀದಿಗಿಳಿದರು. ತಮ್ಮ ಕೊನೆಯ ಭಾಗದ ಗದ್ದೆಗಳಿಗೇ ನೀರು ತಲುಪುತ್ತಿಲ್ಲ ಎಂಬ ಅವರ ಆತಂಕವನ್ನೂ ತಳ್ಳಿಹಾಕುವಂತಿಲ್ಲ.

ನೆಲದೊಳಗಿನ ನೀರು

ಹೊಳಲ್ಕೆರೆ, ಹೊಸದುರ್ಗ ಮತ್ತು ಭೀಮಸಮುದ್ರ ಭಾಗಗಳಲ್ಲಿ ಅಡಿಕೆ ತೋಟಗಳು ಹಬ್ಬಿವೆ. ಅಲ್ಲಿನ ತೋಟಗಳಿಗೆ ಮುಖ್ಯ ಆಧಾರ ಕೊಳವೆಬಾವಿ. ವರ್ಷದಲ್ಲಿ ಇಂಗುವ, ಬಳಸಲು ಲಭ್ಯವಾಗುವ ಅಂತರ್ಜಲಕ್ಕಿಂತ ಹೆಚ್ಚು ನೀರನ್ನು ಎತ್ತುವ ತಾಲ್ಲೂಕನ್ನು 'ಅತಿ ಬಳಕೆಯ' ಪ್ರದೇಶವೆಂದು ವರ್ಗೀಕರಿಸಲಾಗುತ್ತದೆ. ಜಿಲ್ಲೆಯ ಬಹುಪಾಲು ತಾಲ್ಲೂಕುಗಳು ಈ ಪಟ್ಟಿಗೆ ಸೇರಿವೆ.

ಆಳಕ್ಕಿಳಿದಷ್ಟೂ ನೀರಿನ ಗುಣವೂ ಕೆಡುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಅವಕಾಶವಿದೆ. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಈ ನೆಲದಲ್ಲಿ ಅನೇಕ ಕಡೆ ಆ ಮಿತಿ ಮೀರಿದೆ. ಅಂಥ ನೀರನ್ನು ಬಹುಕಾಲ ಕುಡಿದರೆ ಹಲ್ಲು ಕಂದುಗಟ್ಟುತ್ತದೆ, ಮೂಳೆ, ಕೀಲುಗಳು ಬಿಗಿಯುತ್ತವೆ. ಕಾಯಿಸಿದರೂ ಫ್ಲೋರೈಡ್ ಹೋಗದು. ಶುದ್ಧ ಕುಡಿಯುವ ನೀರಿನ ಘಟಕಗಳು ಇದಕ್ಕೆ ಪರಿಹಾರವಾದರೂ, ಕೆಟ್ಟುಹೋದ ಘಟಕವನ್ನು ದುರಸ್ತಿ ಮಾಡುವವರಿಲ್ಲದಿದ್ದರೆ ಊರು ಮತ್ತೆ ಬೋರ್‌ನೀರಿಗೇ ಮರಳುತ್ತದೆ.

ಪಟ್ಟಣವೂ ಸುರಕ್ಷಿತವೆನ್ನುವಂತಿಲ್ಲ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಸೇವಿಸಿ ಹಲವರು ಪ್ರಾಣ ಕಳೆದುಕೊಂಡರು. ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಸತ್ತವರು ಬಡ ದಲಿತ ಕುಟುಂಬಗಳವರು. ನಲ್ಲಿ ಇದ್ದರೆ ಸಾಲದು, ನಲ್ಲಿಯ ನೀರು ಕುಡಿಯಲು ಯೋಗ್ಯವಾಗಿರಬೇಕು ಎಂಬ ಸರಳ ಸತ್ಯಕ್ಕೆ ತೆತ್ತ ಬೆಲೆ ಅದು.

ಕೊರತೆ ನೀರಿನದೋ, ಹಂಚಿಕೆಯದೋ?

ಒಂದು ಸರಳ ಲೆಕ್ಕ ನೋಡಬಹುದು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 16.6 ಲಕ್ಷ. 2019ರಲ್ಲಿ ಘೋಷಣೆಯಾದ ಜಲಜೀವನ ಮಿಷನ್ ಗ್ರಾಮೀಣರಿಗೆ ನಿಗದಿಪಡಿಸಿರುವ ಪ್ರಮಾಣ ದಿನಕ್ಕೆ ತಲಾ 55 ಲೀಟರ್. ಅಷ್ಟೂ ಜನರಿಗೆ ವರ್ಷವಿಡೀ ಇದನ್ನು ಕೊಡಲು ಬೇಕಾಗುವುದು ಸುಮಾರು 1.2 ಟಿಎಂಸಿ. ಎಲ್ಲರಿಗೂ ನಗರದ ಅಳತೆಯಾದ 135 ಲೀಟರ್ ಕೊಟ್ಟರೂ 3 ಟಿಎಂಸಿ ಮೀರದು. ಸಾಗಣೆಯ ನಷ್ಟ, ಜನಸಂಖ್ಯೆಯ ಏರಿಕೆಗಳನ್ನು ಸೇರಿಸಿದರೂ, ತುಂಬಿದ ವಾಣಿವಿಲಾಸ ಸಾಗರದ ಒಂದು ಸಣ್ಣ ಪಾಲು ಸಾಕು. ಜಲಾಶಯ ತುಂಬಿದ ವರ್ಷಗಳಲ್ಲಾದರೂ ಕುಡಿಯುವ ನೀರಿನ ಬವಣೆಯನ್ನು ಮಳೆಯ ತಲೆಗೆ ಕಟ್ಟುವಂತಿಲ್ಲ. ಆಗ ಉಳಿಯುವ ಪ್ರಶ್ನೆ ಕೊಳವೆಮಾರ್ಗ, ನಿರ್ವಹಣೆ ಮತ್ತು ಆದ್ಯತೆಯದು.

ಯಾರ ಹೊಣೆ ಎಷ್ಟು?

2010ರ ಜುಲೈ 28ರಂದು ವಿಶ್ವಸಂಸ್ಥೆಯ ಮಹಾಸಭೆ ಶುದ್ಧ ನೀರನ್ನು ಮಾನವ ಹಕ್ಕೆಂದು ಅಂಗೀಕರಿಸಿತು. ಭಾರತದ ನ್ಯಾಯಾಲಯಗಳು ಅದನ್ನು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಪರಿಗಣಿಸಿವೆ. ಹಕ್ಕು ಇದೆಯೆಂದಾದರೆ ಅದನ್ನು ಈಡೇರಿಸುವ ಬಾಧ್ಯಸ್ಥರೂ ಇರಬೇಕು. ಕಾನೂನು ಅದನ್ನು ಹೀಗೆ ಹಂಚಿದೆ:

ಕೇಂದ್ರ: ಅಂತರರಾಜ್ಯ ನದಿ ವಿವಾದಗಳ ಇತ್ಯರ್ಥ, ದೊಡ್ಡ ಯೋಜನೆಗಳಿಗೆ ಅನುಮತಿ ಮತ್ತು ನೆರವು.

ರಾಜ್ಯ: ನೀರು ಮೂಲತಃ ರಾಜ್ಯ ಪಟ್ಟಿಯ ವಿಷಯ. ಜಲಾಶಯ, ಕಾಲುವೆ, ಜಿಲ್ಲೆ-ಜಿಲ್ಲೆಗಳ ನಡುವಿನ ಹಂಚಿಕೆ ರಾಜ್ಯದ್ದೇ. ಚಿತ್ರದುರ್ಗ ನಗರಕ್ಕೆ ನೀರುಣಿಸುವ ಸೂಳೆಕೆರೆ, ಅಂದರೆ ಶಾಂತಿಸಾಗರ, 1997ರಿಂದ ದಾವಣಗೆರೆ ಜಿಲ್ಲೆಗೆ ಸೇರಿದೆ. ಇಂಥಲ್ಲಿ ನ್ಯಾಯ ಹೇಳಬೇಕಾದದ್ದು ರಾಜ್ಯವೇ. ಕೊಳವೆಬಾವಿಗಳ ನಿಯಂತ್ರಣಕ್ಕೆ 2011ರ ಅಂತರ್ಜಲ ಕಾಯ್ದೆ ಇದೆ. ಅದರ ಜಾರಿಯೂ ರಾಜ್ಯದ ಕೆಲಸ.

ಪಂಚಾಯಿತಿ ಮತ್ತು ನಗರಾಡಳಿತ: ಗ್ರಾಮೀಣ ಕುಡಿಯುವ ನೀರು ಸಂವಿಧಾನದ 11ನೇ ಅನುಸೂಚಿಯಲ್ಲೂ, ನಗರದ್ದು 12ನೇ ಅನುಸೂಚಿಯಲ್ಲೂ ಇದೆ. ಟ್ಯಾಂಕ್ ತೊಳೆಯುವುದು, ಕ್ಲೋರಿನ್ ಹಾಕುವುದು, ಒಡೆದ ಪೈಪ್ ಬದಲಿಸುವುದು, ನೀರಿನ ಪರೀಕ್ಷೆ ಇವರ ಪಾಲಿನವು. ಆದರೆ ಇವರ ಬಳಿ ಹಣ ಮತ್ತು ತಂತ್ರಜ್ಞರು ಕಡಿಮೆ.

ಬಳಕೆದಾರರು: 2000ದ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆ ಹಾಗೂ ಜಲಸಂವರ್ಧನೆ ಯೋಜನೆಗಳು ಈ ಜಿಲ್ಲೆಯಲ್ಲೂ ನಡೆದವು. ಜಲಾನಯನ ಮತ್ತು ಕೆರೆಗಳ ಅಭಿವೃದ್ಧಿಯಲ್ಲಿ ಊರಿನವರನ್ನೇ ಪಾಲುದಾರರನ್ನಾಗಿಸುವುದು ಅವುಗಳ ಆಶಯ. ಹೂಳು ತೆಗೆಯುವುದು, ಒತ್ತುವರಿ ತಡೆಯುವುದು, ನೀರಿಗೆ ತಕ್ಕ ಬೆಳೆ ಆರಿಸುವುದು ಊರಿನವರ ಸಹಕಾರವಿಲ್ಲದೆ ಆಗದ ಕೆಲಸಗಳು. ಹಾಗೆಂದು ಸರ್ಕಾರ ಮಾಡಬೇಕಾದ ಕೆಲಸವನ್ನು ಊರಿನ ಬಡವರ ಹೆಗಲಿಗೆ ಹೊರಿಸುವುದೂ ಸಲ್ಲದು.

ತೊಡಕು ಇರುವುದು ಈ ಪಾಲುಗಳ ನಡುವಿನ ಬಿರುಕಿನಲ್ಲಿ. 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಪಂಚಾಯಿತಿ ವ್ಯವಸ್ಥೆಗೆ, ಹೆಚ್ಚಿನದು ಸಣ್ಣ ನೀರಾವರಿ ಇಲಾಖೆಗೆ, ಕೆರೆಯ ಅಂಗಳದ ಒತ್ತುವರಿ ತೆರವು ಕಂದಾಯ ಇಲಾಖೆಗೆ. ಏರಿ ಬಿರಿದಾಗ ಗ್ರಾಮಸ್ಥನು ಮನವಿ ಹಿಡಿದು ಮೂರು ಕಚೇರಿ ಅಲೆಯಬೇಕು. ಹಿಂದೆ ಅದೇ ಕೆರೆಗೆ ನೀರುಗಂಟಿಯೊಬ್ಬನಿದ್ದ. ಯಾರನ್ನು ಕೇಳಬೇಕೆಂಬುದು ಊರಿಗೆಲ್ಲ ಗೊತ್ತಿತ್ತು.

ಭದ್ರೆಯ ನೀರು ಪೂರ್ಣವಾಗಿ ಬರುವವರೆಗೆ ಕೋಟೆನಾಡು ಕಾಯಬಹುದು, ಕಾಯುತ್ತಲೂ ಇದೆ. ಆದರೆ ಪ್ರತಿ ಕೆರೆಗೆ, ಪ್ರತಿ ಶುದ್ಧ ನೀರಿನ ಘಟಕಕ್ಕೆ, ಪ್ರತಿ ಓವರ್‌ಹೆಡ್ ಟ್ಯಾಂಕಿಗೆ ಉತ್ತರದಾಯಿಯಾದ ಒಬ್ಬ ಅಧಿಕಾರಿಯ ಹೆಸರನ್ನು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಯಿಸಲು ಯಾವ ಸುರಂಗವೂ, ಯಾವ ಕಾಲುವೆಯೂ ಬೇಕಿಲ್ಲ.