ಕೂರಿಗೆ

ಬೀಜವನ್ನು ಸಮ ಅಂತರದ ಸಾಲುಗಳಲ್ಲಿ, ಹಸಿ ಇರುವ ಆಳಕ್ಕೆ ಇಳಿಸುವ ಬಿತ್ತನೆಯ ಸಾಧನ. ದಖ್ಖನಿನ ಮಳೆಯಾಶ್ರಿತ ಸೀಮೆಗಳಲ್ಲಿ ಜೋಳ, ರಾಗಿ, ನವಣೆ, ಕಡಲೆಗಳ ಬಿತ್ತನೆ ತಲೆತಲಾಂತರದಿಂದ ಇದರ ಮೇಲೆಯೇ ನಡೆದುಬಂದಿದೆ.

ಅಡ್ಡಲಾಗಿ ಒಂದು ದಿಂಡು, ಅದಕ್ಕೆ ಬಿಗಿದ ತಾಳುಗಳು, ತಾಳಿನ ತುದಿಗೆ ಕಬ್ಬಿಣದ ಕುಡ. ಪ್ರತಿ ತಾಳಿನ ಹಿಂಬದಿಯಿಂದ ಏರುವ ಬಿದಿರಿನ ಕೊಳವೆಗಳೆಲ್ಲ ಮೇಲೆ ಒಂದೇ ಮರದ ಬಟ್ಟಲಿನಲ್ಲಿ ಕೂಡುತ್ತವೆ. ಎಷ್ಟು ತಾಳೋ ಬಟ್ಟಲಿಗೆ ಅಷ್ಟು ತೂತು. ಎತ್ತು ಹೊಡೆಯುವವನು ಒಬ್ಬ. ಉಡಿಯಲ್ಲಿ ಬೀಜ ಕಟ್ಟಿಕೊಂಡು ಹಿಂದೆ ನಡೆಯುವವಳು, ಉತ್ತರ ಕರ್ನಾಟಕದಲ್ಲಿ ಹೆಚ್ಚಾಗಿ ಹೆಂಗಸೇ, ಮುಷ್ಟಿಯನ್ನು ಬಟ್ಟಲಿನ ಮೇಲೆ ಹಿಡಿದು ಬೆರಳ ಸಂದಿಯಿಂದ ಕಾಳು ಬಿಡುತ್ತಾಳೆ. ಎಕರೆಗೆ ಎಷ್ಟು ಬೀಜ ಎಂಬ ಲೆಕ್ಕವೆಲ್ಲ ಆ ಬೆರಳುಗಳದ್ದು. ಎತ್ತಿನ ನಡಿಗೆ ಚುರುಕಾದರೆ ಕೈಯೂ ಚುರುಕಾಗಬೇಕು. ಹಸಿಮಣ್ಣು ಕೊಳವೆಯ ಬಾಯಿಗೆ ಕಟ್ಟಿಕೊಂಡದ್ದು ಕಣ್ಣಿಗೆ ಬೀಳದೆ ಹೋದರೆ, ವಾರದ ಮೇಲೆ ಮೊಳಕೆ ಬಂದಾಗ ಒಂದು ಸಾಲು ಇಡಿಯಾಗಿ ಬೋಳು. ಕೂರಿಗೆಯ ಚರಿತ್ರೆ ಬರೆದವರು ಮರ-ಕಬ್ಬಿಣಕ್ಕೆ ಕೊಟ್ಟ ಮಹತ್ವವನ್ನು ಈ ಕೈಗೆ ಕೊಟ್ಟಿಲ್ಲ, ಕೊಡಬೇಕಿತ್ತು.

ಕೂರಿಗೆ ಮಾಡಿಕೊಡುತ್ತಿದ್ದವರು ಊರಿನ ಬಡಿಗ, ಕಮ್ಮಾರರು. ಕೂಲಿ ಸುಗ್ಗಿಯಲ್ಲಿ ಕಣದಿಂದಲೇ ಆಯವಾಗಿ ಸಲ್ಲುತ್ತಿತ್ತು. ತಾಳಿನಿಂದ ತಾಳಿಗೆ ಇರಬೇಕಾದ ಅಂತರ ಹೊಲದ ಮಣ್ಣಿಗೂ ಪೈರಿಗೂ ತಕ್ಕಂತೆ ಬೇರೆಬೇರೆ. ಮುಂದೆ ಕಳೆ ತೆಗೆಯಲು ಸಾಲಿನ ನಡುವೆ ಹಾಯುವ ಎಡೆಕುಂಟೆಯ ಅಗಲವೂ ಅದೇ ಅಳತೆಗೆ ಹೊಂದಬೇಕು. ಹಾಗಾಗಿ ಕೂರಿಗೆಯನ್ನು ಬಿಡಿಯಾಗಿ ನೋಡುವಂತಿಲ್ಲ, ಅದು ಒಂದು ಬೇಸಾಯದ ಸಾಮಾನುಗಳ ಇಡೀ ಬಳಗದ ಅಳತೆಗೋಲು.

ಇಂಗ್ಲೆಂಡಿನಲ್ಲಿ ಜೆಥ್ರೋ ಟಲ್ ಬಿತ್ತನೆ ಯಂತ್ರ ರೂಪಿಸಿದ್ದು 1701ರ ಸುಮಾರಿಗೆ. 1790ರ ದಶಕದಲ್ಲಿ ದಕ್ಷಿಣ ಭಾರತದಲ್ಲಿದ್ದ ಕ್ಯಾಪ್ಟನ್ ಥಾಮಸ್ ಹಾಲ್ಕಾಟ್, ಇಂಥ ಸಾಧನ ಇಲ್ಲಿನ ರೈತರ ದಿನಬಳಕೆಯಲ್ಲಿರುವುದನ್ನು ಕಂಡು ಲಂಡನ್ನಿನ ಕೃಷಿ ಮಂಡಳಿಗೆ ಬರೆದ. ಆ ಬರಹವನ್ನು ಇತಿಹಾಸಕಾರ ಧರ್ಮಪಾಲ್ 1971ರ ತಮ್ಮ ಗ್ರಂಥದಲ್ಲಿ ಮತ್ತೆ ಬೆಳಕಿಗೆ ತಂದರು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ಕೂರಿಗೆಯನ್ನು ಹೆಸರಿಟ್ಟು ವರ್ಣಿಸಿದ್ದಾನೆ.

ಹೊಸ ಸಾಧನ ಹೊಲಕ್ಕಿಳಿಯುವುದು ಸಲೀಸಲ್ಲ. 1888ರಲ್ಲಿ ಬೆಳಗಾವಿಯಲ್ಲಿ ಉದ್ಯಮ ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂದೆ ಕಬ್ಬಿಣದ ನೇಗಿಲು ತಯಾರಿಸಿದಾಗ, ಕಬ್ಬಿಣ ಮಣ್ಣಿಗೆ ವಿಷವಾದೀತೆಂದು ರೈತರು ಅಂಜಿದರು. ಅವರ ಕೂರಿಗೆಯ ಕುಡವೂ ಕಬ್ಬಿಣದ್ದೇ ತಾನೆ! ಆದರೆ ಅದನ್ನು ಬಡಿದವನು ಗುರುತಿನವನು, ಮೊಂಡಾದರೆ ಹಣಿಸಿಕೊಳ್ಳಲು ಕುಲುಮೆ ಊರಲ್ಲೇ ಇತ್ತು. ಅಂಜಿಕೆಯ ಬೇರು ಅಲ್ಲಿರಬೇಕು.

ಟ್ರ್ಯಾಕ್ಟರ್ ಕಾಲದಲ್ಲಿ ಸಾಧನ ಮಾಡುವವನಿಗೂ ರೈತನಿಗೂ ಇರುವ ಈ ನಂಟನ್ನು ಉಳಿಸಿಕೊಂಡೇ ಕೂರಿಗೆಯನ್ನು ಬದಲಿಸಿದವರು ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ರೈತ ಅಬ್ದುಲ್ ಖಾದರ್ ನಡಕಟ್ಟಿನ. ಬೀಜ, ಗೊಬ್ಬರ ಎರಡನ್ನೂ ಒಟ್ಟಿಗೆ ಬಿಡುವ ಅವರ ಕೂರಿಗೆ ಆ ಭಾಗದಲ್ಲಿ ಅವರ ಮನೆತನದ ಹೆಸರಿನಿಂದಲೇ ಪರಿಚಿತ. ಒಕ್ಕಲುತನ ಬಲ್ಲವನೇ ಯಂತ್ರ ಕಟ್ಟಿದ್ದು ಅದರ ಬಲ. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಎತ್ತಿನ ಕೂರಿಗೆಯೂ ಮರೆಯಾಗಿಲ್ಲ. ಬಿದಿರಿನ ಜಾಗಕ್ಕೆ ಪ್ಲಾಸ್ಟಿಕ್ ಪೈಪು ಬಂದಿದೆ, ಕಟ್ಟಿಗೆಯ ದಿಂಡಿನ ಬದಲು ವೆಲ್ಡಿಂಗ್ ಅಂಗಡಿಯಲ್ಲಿ ಬೆಸೆದ ಕಬ್ಬಿಣದ ಚೌಕಟ್ಟು. ತಾಳಿನ ಅಂತರ ಎಷ್ಟಿರಬೇಕೆಂದು ಮಾತ್ರ ಈಗಲೂ ರೈತನೇ ಹೇಳಿ ಮಾಡಿಸುತ್ತಾನೆ.