ರಸೀದಿ ಪುಸ್ತಕವೂ ಪಿಎಚ್‌.ಡಿ.ಯೂ

ಕಳೆದ ವರ್ಷ ಕರ್ನಾಟಕದ ವಿಶ್ವವಿದ್ಯಾಲಯವೊಂದರ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದ್ದಳು. ಗಲ್ಫಿಗೆ ಬಂದವರು ಊರಿನ ಶಾಲೆ, ಆಸ್ಪತ್ರೆ, ದೇವಸ್ಥಾನ, ಮಸೀದಿ, ಇಗರ್ಜಿಗಳಿಗೆ ಕೊಟ್ಟ ಹಣದ ಬಗ್ಗೆ ಆಕೆಯ ಪಿಎಚ್‌.ಡಿ. "ಸರ್, ನಿಮ್ಮ ಸಂಘದ ಹಳೆಯ ನಡಾವಳಿ ಪುಸ್ತಕ, ರಸೀದಿ ಪುಸ್ತಕ ಏನಾದರೂ ಉಳಿದಿದೆಯೇ?" ಎಂದು ಕೇಳಿದಳು. ಏಳು ವರ್ಷ ಖಜಾಂಚಿಯಾಗಿದ್ದ ನನಗೆ ಉತ್ತರ ಗೊತ್ತಿತ್ತು, ಹೇಳಲು ನಾಚಿಕೆಯಾಯಿತು. ಸಾಮಾನು ಇಟ್ಟಿದ್ದ ರೂಮು ಖಾಲಿ ಮಾಡುವ ದಿನ ನಾನೇ ನಿಂತು ಎರಡು ಪೆಟ್ಟಿಗೆ ಕಾಗದ ಎಸೆಸಿದ್ದೆ. ಲೆಕ್ಕಪರಿಶೋಧನೆ ಮುಗಿದ ಮೇಲೆ ಅದು ಯಾರಿಗೆ ಬೇಕು ಎಂಬುದು ಆಗಿನ ನನ್ನ ವಾದ.

ದಾನದ ಬಗ್ಗೆಯೂ ಡಾಕ್ಟರೇಟ್ ಮಾಡುತ್ತಾರೆಯೇ ಎಂದು ಆ ದಿನ ಆಶ್ಚರ್ಯವಾಗಿತ್ತು. ಆಮೇಲೆ ಸಿಕ್ಕಿದ್ದನ್ನು ಓದುತ್ತ ಹೋದೆ. ಈ ಅಧ್ಯಯನಕ್ಕೆ ಐವತ್ತು ವರ್ಷ ಮೀರಿದ ಇತಿಹಾಸವಿದೆ. ಅದಕ್ಕೆ ಬಲ ಬಂದದ್ದು ಒಂದು ಲೆಕ್ಕದ ಜಗಳದಿಂದ.

1960ರ ದಶಕದಲ್ಲಿ ಅಮೆರಿಕದ ಸಂಸತ್ತಿನ ಸದಸ್ಯ, ಟೆಕ್ಸಾಸಿನ ರೈಟ್ ಪ್ಯಾಟ್‌ಮನ್, ಅಲ್ಲಿನ ದೊಡ್ಡ ದತ್ತಿ ಸಂಸ್ಥೆಗಳ ಬೆನ್ನು ಬಿದ್ದರು. ತೆರಿಗೆ ವಿನಾಯಿತಿ ಪಡೆದು ಇವರು ನಿಜಕ್ಕೂ ಮಾಡುತ್ತಿರುವುದೇನು ಎಂಬುದು ಅವರ ಪ್ರಶ್ನೆ. 1969ರ ತೆರಿಗೆ ಕಾಯಿದೆ ದತ್ತಿ ಸಂಸ್ಥೆಗಳಿಗೆ ಬಿಗಿ ನಿಯಮ ತಂದಿತು. ತಮ್ಮನ್ನು ಸಮರ್ಥಿಸಿಕೊಳ್ಳಲು ಹೊರಟ ದಾನಿಗಳಿಗೆ ಆಗ ಗೊತ್ತಾಯಿತು: ದೇಶದಲ್ಲಿ ಯಾರು, ಯಾರಿಗೆ, ಎಷ್ಟು ಕೊಡುತ್ತಾರೆ ಎಂದು ಕೂತು ಅಧ್ಯಯನ ಮಾಡಿದವರೇ ವಿರಳ. ಲೆಕ್ಕ ಕೇಳಿದ ಮೇಲೆ ಲೆಕ್ಕ ಹುಡುಕುವ ಅಭ್ಯಾಸ ನಮ್ಮ ಸಂಘಗಳಿಗೆ ಮಾತ್ರ ಇರುವುದಲ್ಲ! ಮೂರನೆಯ ಜಾನ್ ಡಿ. ರಾಕ್‌ಫೆಲ್ಲರ್ ಅವರ ಮುತುವರ್ಜಿಯಿಂದ 1973ರಲ್ಲಿ, ವಿಮಾ ಕಂಪನಿಯೊಂದರ ಮುಖ್ಯಸ್ಥ ಜಾನ್ ಫೈಲರ್ ಅಧ್ಯಕ್ಷತೆಯ ಆಯೋಗ ಕೆಲಸ ಶುರು ಮಾಡಿತು. ಅದರ ವರದಿ 1975ರಲ್ಲಿ ಬಂತು.

ಆ ದಶಕದ ಕೊನೆಯ ಹೊತ್ತಿಗೆ ಯೇಲ್ ವಿಶ್ವವಿದ್ಯಾಲಯದಲ್ಲಿ ಕಾನೂನು ಪ್ರಾಧ್ಯಾಪಕ ಜಾನ್ ಸೈಮನ್ ಲಾಭರಹಿತ ಸಂಸ್ಥೆಗಳ ಅಧ್ಯಯನಕ್ಕೆಂದೇ ಒಂದು ಕೇಂದ್ರ ನಡೆಸುತ್ತಿದ್ದರು. ಕಾನೂನು, ಅರ್ಥಶಾಸ್ತ್ರ, ಸಮಾಜಶಾಸ್ತ್ರದ ಹಿರಿಯರೂ ಕಿರಿಯರೂ ಅಲ್ಲಿ ಒಟ್ಟಿಗೆ ಕೂತರು. ಆ ಬಳಗದ ಯುವ ಸಂಶೋಧಕ ಹೆನ್ರಿ ಹ್ಯಾನ್ಸ್‌ಮನ್ 1980ರಲ್ಲಿ ಬರೆದ ಲೇಖನ ಇಂದಿಗೂ ಚರ್ಚೆಯಲ್ಲಿದೆ. ಅದರ ಒಂದು ಮಾತು ನಮಗೆ ಬೇಗ ಅರ್ಥವಾಗುತ್ತದೆ. ದೂರದೇಶದ ಹಸಿದವನಿಗೆ ಊಟ ಕೊಡಿ ಎಂದು ಹಣ ಕಟ್ಟುವವನಿಗೆ ಆ ಊಟ ತಲುಪಿತೋ ಇಲ್ಲವೋ ನೋಡಲಾಗದು. ಅದಕ್ಕೇ ಆತ, ಲಾಭವನ್ನು ಒಡೆಯರು ಹಂಚಿಕೊಳ್ಳುವಂತಿಲ್ಲ ಎಂಬ ಕಟ್ಟುಪಾಡಿರುವ ಸಂಸ್ಥೆಯನ್ನು ನಂಬುತ್ತಾನೆ. ಊರಿನ ಶಾಲೆಯ ಛಾವಣಿಗೆ ಇಲ್ಲಿಂದ ದಿರ್ಹಂ ಕಳಿಸಿ, ಅದು ಎದ್ದಿತೇ ಎಂದು ರಜೆಯಲ್ಲಿ ಹೋದಾಗಷ್ಟೇ ನೋಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೂ ಮೊದಲೇ, 1971ರಲ್ಲಿ, ಬಾಸ್ಟನ್ ಕಾಲೇಜಿನ ಸಮಾಜಶಾಸ್ತ್ರಜ್ಞ ಡೇವಿಡ್ ಹಾರ್ಟನ್ ಸ್ಮಿತ್ ಈ ವಿಷಯದ ಸಂಶೋಧಕರ ಸಂಘ ಕಟ್ಟಿದ್ದರು. ಈಗ ಅದರ ಹೆಸರು ಅರ್ನೋವಾ. ಡಾಕ್ಟರೇಟ್ ವಿದ್ಯಾರ್ಥಿಗಳಿಗೆ ಹಿರಿಯರ ಮಾರ್ಗದರ್ಶನ ಸಿಗುವ ಏರ್ಪಾಡನ್ನೂ ಅದು ಬೆಳೆಸಿಕೊಂಡಿದೆ. 1987ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ದತ್ತಿ ಅಧ್ಯಯನ ಕೇಂದ್ರ ಆರಂಭವಾಗಿ, 2012ರಲ್ಲಿ ಪೂರ್ಣ ಪ್ರಮಾಣದ ಕಾಲೇಜಾಯಿತು. ಅದರ ಬೆನ್ನಿಗಿದ್ದದ್ದು ಲಿಲ್ಲಿ ಮನೆತನದ ದತ್ತಿ. ಸಕ್ಕರೆ ಕಾಯಿಲೆಯವರಿಗೆ ಗೊತ್ತಿರುವ ಇನ್ಸುಲಿನ್ ಕಂಪನಿಯ ಮನೆತನವೇ ಅದು. ದಾನಿಯ ಹಣದಲ್ಲಿ ಓದಿ ದಾನಿಯನ್ನೇ ಪರೀಕ್ಷಿಸುವುದು ಮುಜುಗರದ ಕೆಲಸ. ಆದರೆ ಬೇರೆ ಯಾರೂ ದುಡ್ಡು ಕೊಡಲು ಸಾಲು ನಿಂತಿರಲಿಲ್ಲ.

ನಮ್ಮ ಕಡೆಗೆ ಬರೋಣ. 1892ರಲ್ಲಿ ಜಮ್ಶೇಟ್‌ಜಿ ಟಾಟಾ ಭಾರತೀಯರ ಉನ್ನತ ವ್ಯಾಸಂಗಕ್ಕೆ ಒಂದು ನಿಧಿ ಇಟ್ಟರು. ಅದು ಸಾಲದ ರೂಪದ ವಿದ್ಯಾರ್ಥಿವೇತನ: ಓದಿ ಬಂದವರು ತೀರಿಸಬೇಕು, ಆ ಹಣ ಮುಂದಿನವರಿಗೆ. ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಇದೇ ನಿಧಿಯಿಂದ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಹೋಗಿ ಡಾಕ್ಟರೇಟ್ ಪಡೆದರು. 1988ರಲ್ಲಿ ಜೆ.ಆರ್.ಡಿ. ಟಾಟಾ ಅವರ ಆಸೆಯಂತೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಹುಟ್ಟಿದಾಗ ಅದರ ಮೊದಲ ನಿರ್ದೇಶಕರೂ ಅವರೇ.

ಈ ಹೆಸರುಗಳನ್ನು ತಂದದ್ದಕ್ಕೆ ಕಾರಣವಿದೆ. 2010ರ ಸುಮಾರಿಗೆ ಅದೇ ಸಂಸ್ಥೆ ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಜೊತೆ ಸೇರಿ, ಡಚ್ ಸಂಶೋಧನಾ ನಿಧಿಯ ನೆರವಿನಿಂದ, ಹೊರದೇಶಕ್ಕೆ ಹೋದವರು ಊರಿಗೆ ಕಳಿಸುವ ಹಣ ಮತ್ತು ದಾನ ಊರನ್ನು ಹೇಗೆ ಬದಲಿಸುತ್ತದೆ ಎಂಬ ಅಧ್ಯಯನ ಕೈಗೊಂಡಿತು. ಆಯ್ದುಕೊಂಡ ಮೂರು ಸೀಮೆಗಳು ಗುಜರಾತಿನ ಮಧ್ಯಭಾಗ, ಕರಾವಳಿ ಆಂಧ್ರ ಮತ್ತು ನಮ್ಮ ಕರಾವಳಿ ಕರ್ನಾಟಕ. ಬೆಂಗಳೂರಿನಲ್ಲಿ ಕ್ಯಾರಲ್ ಉಪಾಧ್ಯ, ಆಮ್‌ಸ್ಟರ್‌ಡಾಮಿನಲ್ಲಿ ಮಾರಿಯೊ ರುಟ್ಟನ್ ಇದರ ಹೊಣೆ ಹೊತ್ತಿದ್ದರು. ಡಾಕ್ಟರೇಟ್ ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಊರುಗಳಲ್ಲಿ ಓಡಾಡಿ ಕೇಳಿಕೊಂಡು ಬರುವ ಅವಕಾಶ ಸಿಕ್ಕಿತು. ಅವರಲ್ಲೊಬ್ಬರಾದ ಸನಮ್ ರೂಹಿ ಗುಂಟೂರು ಸೀಮೆಯ ದಾನವನ್ನು ಅಧ್ಯಯನ ಮಾಡಿದರು. ಅಮೆರಿಕದಲ್ಲಿ ನೆಲೆಸಿದವರ 'ಊರಿಗೆ ಹಿಂತಿರುಗಿ ಕೊಡುವ' ಹಣ ಜಾತಿಯ ಕಾಲುವೆಯಲ್ಲಿ ಹರಿಯುವುದನ್ನು ಅವರ ಪ್ರಬಂಧ ತೋರಿಸಿತು. ದಾನಿಗಳಿಗೆ ಇದು ಹಿತವಾದ ಓದಲ್ಲ. ನಮ್ಮ ಸಂಘದ ವಿದ್ಯಾರ್ಥಿವೇತನದ ಪಟ್ಟಿಗಳನ್ನು ಯಾರಾದರೂ ಹಾಗೆ ಮುಂದಿಟ್ಟುಕೊಂಡು ಕೂತರೆ ಏನು ಕಾಣುತ್ತದೋ, ನನಗೂ ಸ್ವಲ್ಪ ಅಳುಕಿದೆ.

ಇಂಥ ಏರ್ಪಾಡು ಅಪರೂಪ. ಯುಜಿಸಿಯ ಕಿರಿಯ ಸಂಶೋಧನಾ ಫೆಲೋಶಿಪ್ 2023ರಿಂದ ತಿಂಗಳಿಗೆ 37,000 ರೂಪಾಯಿ. ಇಲ್ಲಿ ಸೈಟಿನಲ್ಲಿ ದುಡಿಯುವ ನಮ್ಮ ಹಲವರ ಸಂಬಳಕ್ಕೆ ಹತ್ತಿರವೇ. ಆದರೆ ಅದು ಸಿಗಲು ನೆಟ್ ಪರೀಕ್ಷೆಯಲ್ಲಿ ಮೇಲಿನ ಅಂಕ ಬೇಕು. ಸಮಾಜಶಾಸ್ತ್ರ, ಇತಿಹಾಸ, ಸಮಾಜಕಾರ್ಯ ಹೀಗೆ ಯಾವುದೋ ಒಂದು ವಿಷಯದಡಿ ದಾನವನ್ನು ತೂರಿಸಬೇಕು, ಅದನ್ನು ಒಪ್ಪುವ ಮಾರ್ಗದರ್ಶಕರೂ ಸಿಗಬೇಕು. ನಮಗೆ ಫೋನ್ ಮಾಡಿದ ಹುಡುಗಿಗೆ ಫೆಲೋಶಿಪ್ ಇಲ್ಲ. ಖಾಸಗಿ ಕಾಲೇಜಿನಲ್ಲಿ ಪಾಠ ಮಾಡಿಕೊಂಡು ಓದುತ್ತಿದ್ದಾಳೆ.

ಕಳೆದ ಕಾರ್ಯಕಾರಿ ಸಮಿತಿ ಸಭೆಯಲ್ಲಿ ನಾನೊಂದು ಪ್ರಸ್ತಾಪ ಇಟ್ಟೆ: ಹತ್ತನೇ ತರಗತಿ, ಪಿಯುಸಿ ಮಕ್ಕಳಿಗೆ ಕೊಡುವುದರ ಜೊತೆಗೆ, ಎರಡು ವರ್ಷ ಇಂಥ ಒಬ್ಬ ಸಂಶೋಧಕರ ಪ್ರಯಾಣ ಖರ್ಚು ಕೊಡೋಣ, ನಮ್ಮನ್ನು ಹೊಗಳಿ ಬರೆಯಬೇಕೆಂಬ ಷರತ್ತು ಬೇಡ ಎಂದು. "ಅದರಿಂದ ಸಂಘಕ್ಕೇನು ಲಾಭ?" ಎಂಬ ಪ್ರಶ್ನೆ ಬಂತು. ಪ್ರಸ್ತಾಪ ಮುಂದಿನ ಮಹಾಸಭೆಗೆ ಹೋಗಿದೆ.

ಈ ನಡುವೆ ಹಿರಿಯ ಸದಸ್ಯರೊಬ್ಬರು ಊರಿಗೆ ಹಿಂತಿರುಗುವ ಮುಂಚೆ ತಮ್ಮ ಟ್ರಂಕಿನಿಂದ ಮೂರು ರಸೀದಿ ಪುಸ್ತಕ ತೆಗೆದುಕೊಟ್ಟರು. ಒಂದೊಂದು ಅಡಿಪ್ರತಿಯ ಫೋಟೋ ತೆಗೆದು ಆಕೆಗೆ ಕಳಿಸುತ್ತಿದ್ದೇನೆ. ಅಂಗಡಿಯವರು, ಇಂಜಿನಿಯರುಗಳು ಪೂರ್ತಿ ಹೆಸರು ಬರೆಸಿದ್ದಾರೆ. ಹತ್ತು, ಐದು ದಿರ್ಹಂ ಕೊಟ್ಟವರ ಜಾಗದಲ್ಲಿ ಅನೇಕ ಕಡೆ ಹೆಸರೇ ಇಲ್ಲ. ಒಂದರಲ್ಲಿ 'ಕ್ಯಾಂಪಿನ ಹುಡುಗರು, 38 ಜನ' ಎಂದಿದೆ. ಅಕ್ಷರ ನನ್ನದೇ. ಆ 38 ಜನ ಯಾರೆಂದು ಆಕೆ ಕೇಳಿದ್ದಾಳೆ. ನೆನಪಾದದ್ದು ಏಳು ಹೆಸರು. ನೀವು ಆ ಕ್ಯಾಂಪಿನಲ್ಲಿದ್ದವರಾದರೆ, ಇದನ್ನು ಓದಿದ ಮೇಲೆ ನನಗೊಂದು ಫೋನ್ ಮಾಡಿ.